ಗೋಡೆಗೆ ಹಾಕಿದ ತೇಪೆ

ಬೇಡ, ಒಳಗೆ ಬೇಡ ಹಲೀನಾ ಮೇಡಮ್. ಇಲ್ಲೇ ಜಗಲಿ ಮೇಲೆ ಕೂತ್ಕೋತೀನಿ. ಗಾಳಿ ಚೆನ್ನಾಗಿದೆ. ಹೊಳೆನರಸೀಪುರದಿಂದ ಬಸ್ಸಲ್ಲಿ ನಿಂತ್ಕೊಂಡೇ ಬಂದಿದ್ದೀನಿ, ಬೆನ್ನೆಲ್ಲ ನೆಂದಿದೆ, ಸ್ವಲ್ಪ ಆರಲಿ... ಇಲ್ಲ, ಸಂಕೋಚ ಏನಿಲ್ಲ. ನಾನು ಹುಟ್ಟಿ ಬೆಳೆದ ಮನೆ, ನನಗೇನು ಸಂಕೋಚ. ಈಗ ನಿಮ್ಮ ಮನೆ ಅನ್ನಿ. ಇರೋರದ್ದೇ ಮನೆ.

ನೀವು ಕೈ ತೊಳ್ಕೊಂಡು ಬನ್ನಿ. ಮೊಣಕೈ ತನಕ ಸುಣ್ಣ ಆಗಿದೆ. ನಾನೆಲ್ಲೂ ಹೋಗಲ್ಲ.

ಬಂದ್ರಾ... ಅಯ್ಯೋ, ಕಾಫಿ ಯಾಕೆ ಮಾಡೋಕೆ ಹೋದ್ರಿ? ಇವತ್ತು ಸಂಕಷ್ಟಿ, ನಾನು... ಯಾಕೆ ನಗ್ತೀರಿ? ಹೌದು, ಹೇಳಿದ್ದೆ. ಉಪವಾಸ, ಶಾಸ್ತ್ರ, ಪಂಚಾಂಗ ಇವೆಲ್ಲ ನನಗೆ ಆಗಿಬರಲ್ಲ ಅಂತ ಇದೇ ಜಗಲಿ ಮೇಲೆ ಕೂತ್ಕೊಂಡು ಭಾಷಣ ಮಾಡಿದ್ದೆ. ನಿಮಗೆ ಎಲ್ಲ ನೆನಪಿರುತ್ತೆ. ಇದು ನನ್ನ ಉಪವಾಸ ಅಲ್ಲ, ಆಶಾರಾಣೀದು. ಹೆಂಡ್ತಿ ಹೊಟ್ಟೆ ಖಾಲಿ ಇಟ್ಕೊಂಡು ಕೂತಿರೋವಾಗ ಗಂಡ ಹೊರಗೆ ಕಾಫಿ ಕುಡಿದು ಹೋದ್ರೆ ಮುಖ ನೋಡಿದ ತಕ್ಷಣ ಗೊತ್ತಾಗ್ಬಿಡುತ್ತೆ... ಏನು? ಪಕ್ಕದ ಮನೆ ದೊಡ್ಡತಾಯಮ್ಮ ಸಂಕಷ್ಟಿ ದಿನವೂ ಲೋಟದ ಮೇಲೆ ಲೋಟ ಕುಡೀತಾಳಾ? ಅವಳ ಗಣೇಶ ಬೇರೆ ಬಿಡಿ, ಅವಳು ಹೇಳಿದಂಗೆ ಕೇಳ್ತಾನೆ. ಅಲ್ಲೇ ಇಡಿ. ಆಮೇಲೆ ನೋಡೋಣ.

ನಿಮ್ಮ ಅಮ್ಮ ಹೇಗಿದ್ದಾರೆ? ಪೋಲೆಂಡಲ್ಲೇ ಇದ್ದಾರಲ್ಲ... ಊಟ ಸರಿಯಾಗಿ ಮಾಡ್ತಿಲ್ಲ. ಹೂಂ. ಮಾಡಲ್ಲ. ಮಗನ್ನ ಕಳ್ಕೊಂಡು ಇನ್ನೂ ತಿಂಗಳು ಆಗಿಲ್ಲ.

ನಾನೂ ಬಂದಿದ್ದೆ ಅವತ್ತು, ಸುದ್ದಿ ಬಂದ ದಿನ. ಇದೇ ಕಂಬ ಹಿಡ್ಕೊಂಡು ನಿಂತಿದ್ದೆ. ಅರ್ಧ ಊರು ಒಳಗಿತ್ತು. ನಮ್ಮ ಹಳೇಕೋಟೆ ಹೆಂಗಸರಿಗೆ ನಿಮ್ಮ ಖಾರ್ಕಿವ್ ಅಂದ್ರೆ ಯಾವ ದಿಕ್ಕು ಅಂತ ಗೊತ್ತಿಲ್ಲ, ಆದ್ರೆ ತಮ್ಮ ಸತ್ತ ಅಂದ್ರೆ ಏನು ಅಂತ ಗೊತ್ತು. ನೀವು ಅಳ್ತೀರೇನೋ ಅಂತ ಕಾಯ್ತಿದ್ದೆ. ದೊಡ್ಡತಾಯಮ್ಮನೇ ನಿಮಗೂ ಸೇರಿಸಿ ಅತ್ತಳು... ಒಳಗೆ ಬರಬಹುದಿತ್ತು. ಹೌದು, ಬರಬಹುದಿತ್ತು. ಜನ ತುಂಬಿದ್ರಲ್ಲ.

ಸರಿ. ಗೋಡೆ ವಿಷಯ.

ಬೆಳಗ್ಗೆ ನೀವು ಫೋನ್ ಮಾಡಿದಾಗ ನಾನು ಕ್ಲಾಸಿಗೆ ಹೋಗ್ತಿದ್ದೆ. ಹಿಂದಿನ ಗೋಡೆ ಒಡೀಬಹುದಾ ಅಂದ್ರಲ್ಲ, ಪಾಠ ಮಾಡೋಕೆ ಆಗಲಿಲ್ಲ ನನಗೆ. ಹುಡುಗರಿಗೆ ಏನೋ ಓದ್ಕೊಳ್ಳಿ ಅಂತ ಹೇಳಿ, ಮಧ್ಯಾಹ್ನಕ್ಕೆ ರಜ ಬರೆದುಕೊಟ್ಟು ಬಂದೆ. ಫೋನಲ್ಲಿ ಹೇಳೋ ಮಾತಲ್ಲ ಅದು. ನಮ್ಮ ಅವ್ವನ ಕೋಣೆ ಗೋಡೆ ಅಲ್ವಾ ನೀವು ಹೇಳ್ತಿರೋದು? ತೇಪೆ ಹಾಕಿರೋ ಜಾಗ.

ಗೊತ್ತು, ದೊಡ್ಡ ಚಿತ್ರ ಹೊರಗೆ ಬರ್ತಿಲ್ಲ. ಹೇಗೆ ಬರುತ್ತೆ? ನಮ್ಮ ತಾತ ಕಟ್ಟಿಸಿದ ಮನೆ ಇದು. ಬಂದೋರು ತಲೆ ಬಗ್ಗಿಸಿ ಬರಲಿ ಅಂತ ಬಾಗಿಲು ಗಿಡ್ಡಕ್ಕೆ ಇಡಿಸಿದಾರೆ. ನೀವು ನಡುಮನೇಲಿ ಗೋಡೆ ಅಗಲಕ್ಕೂ ಬಟ್ಟೆ ಕಟ್ಟಿ ಬರೆದ್ರೆ... ಬರೆಯೋವಾಗ ಯೋಚನೆ ಬರಲಿಲ್ವಾ, ಇದನ್ನ ಆಚೆಗೆ ತರೋದು ಹೇಗೆ ಅಂತ?... ತರೋ ಯೋಚನೇನೇ ಇರಲಿಲ್ಲ. ಈಗ ಯಶೋಧರ ತರಲೇಬೇಕು ಅಂತಿದ್ದಾನೆ, ತಾನು ನಡೆಸೋ ಹಾಸನದ ಪ್ರದರ್ಶನಕ್ಕೆ ಅದೇ ಮುಖ್ಯ ಅಂತ. ನಾಳೆ ವ್ಯಾನು ಕಳಿಸ್ತಾನಂತೆ. ಅವನ ಆತುರ ನನಗೆ ಗೊತ್ತು, ಒಟ್ಟಿಗೆ ಓದಿದೋರು ನಾವು. ಚನ್ನರಾಯಪಟ್ಟಣದ ಅಂಗಡೀಲಿ ದಿನಾ ಬಟ್ಟೆ ಹರಿದು ಅಭ್ಯಾಸ ಅವನಿಗೆ, ಗೋಡೇನೂ ಹಾಗೇ ಹರೀಬಹುದು ಅನ್ಕೊಂಡಿದ್ದಾನೆ.

ಚೌಕಟ್ಟಿಂದ ಬಿಚ್ಚಿ ಸುತ್ತಿಬಿಡಿ... ಬಿರಿಯುತ್ತಾ? ಬಣ್ಣದ ಜೊತೆ ಸುಣ್ಣ, ಮಣ್ಣು, ರಾಗಿ ಹೊಟ್ಟು ಎಲ್ಲ ಮೆತ್ತಿದ್ದೀರಿ, ಬಿರಿಯದೆ ಇನ್ನೇನಾಗುತ್ತೆ. ಹಾಗಾದ್ರೆ ಇಲ್ಲೇ ಇರಲಿ. ಉಳಿದವು ಹೋಗಲಿ. ಗೋಡೆ ಬೇಡ... ಸಲೀಸಾಗಿ ಬಿಡುತ್ತೆ ಅಂತ ನನಗೂ ಗೊತ್ತು, ಹೊಸ ಗಾರೆ; ನಡುಮನೆಯಿಂದ ಆ ಕೋಣೆಗೆ ಬಾಗಿಲ ಅಡ್ಡಿಯೂ ಇಲ್ಲ, ಚಿತ್ರ ನೇರ ಆಚೆ ಹೋಗುತ್ತೆ. ಬೇಡ ಅಂದ್ನಲ್ಲ.

ಇಲ್ಲ, ನಾನು ಆ ಚಿತ್ರ ನೋಡಿಲ್ಲ... ನೋಡ್ತೀನಿ. ಇನ್ನೊಂದು ದಿನ, ಹಗಲು ಬೆಳಕಲ್ಲಿ. ಈಗ ಒಳಗೆ ಮಬ್ಬು... ಲೈಟ್ ಇದೆ, ಗೊತ್ತು, ನಾನೇ ಹಾಕಿಸಿದ್ದು. ಆದ್ರೂ ಚಿತ್ರಾನ ಹಗಲಲ್ಲೇ ನೋಡಬೇಕು ಅಂತ ನೀವೇ ಹೇಳ್ತಿದ್ರಿ.

ಉಳಿದವೆಲ್ಲ ನೋಡಿದ್ದೀನಲ್ಲ. ಒಣಗೋಕೆ ಅಂತ ಈ ಕಂಬಕ್ಕೆ ಒರಗಿಸಿ ಇಡ್ತಿದ್ರಿ, ನಾನು ಶನಿವಾರ ಬಂದು ಇಲ್ಲೇ ಕೂತು ನೋಡ್ತಿದ್ದೆ. ಮೊದಲು ಮನೆ ಬರೀತಿದ್ರಿ. ಖಾರ್ಕಿವ್ ಮನೆ. ನೀಲಿ ಕಿಟಕಿ, ಮುಂದೆ ಚೆರ್ರಿ ಮರ, ಮರದ ಕೆಳಗೆ ಸೈಕಲ್ ಹಿಡ್ಕೊಂಡು ನಿಮ್ಮ ತಮ್ಮ ಆಂದ್ರಿ. ಊರ ಹೆಂಗಸರಿಗೆ ಅದೇ ಸಿನಿಮಾ. ಏನ್ ಚೆಂದಾಗಿ ಬರ್ದವ್ಳೆ ಆಲಮ್ಮ, ಅಂತ. ಹಲೀನಾ ಅನ್ನೋಕೆ ನಾಲಿಗೆ ಹೊರಳದೆ ಹಾಲಮ್ಮ ಮಾಡಿದ್ರು, ಅದೂ ಆಲಮ್ಮ ಆಯ್ತು. ಆಮೇಲೆ ಒಂದು ಶನಿವಾರ ನೋಡ್ತೀನಿ, ಮನೆಗೆ ಕಿಟಕಿ ಇಲ್ಲ. ಮುಂದಿನ ಸಲ ಮರ ಇಲ್ಲ. ತಮ್ಮ ಒಂದು ಗೀಟು ಆಗಿದ್ದ. ಆಮೇಲೆ ಅದೂ ಇಲ್ಲ. ಬರೀ ಬಣ್ಣ. ಹೊಗೆಸೊಪ್ಪು ಒಣಗಿದಾಗ ಬರುತ್ತಲ್ಲ, ಆ ಬಣ್ಣ. ಶುಂಠಿ ಕಿತ್ತ ಹೊಲದ ಬಣ್ಣ. ಎಡಗಡೆ ಮಾತ್ರ ಒಂದು ಉದ್ದನೆ ಚೌಕ, ಬಿಳೀನೂ ಅಲ್ಲ, ಬೂದೀನೂ ಅಲ್ಲ. ಎಲ್ಲದರಲ್ಲೂ ಅದು. ಹೆಂಗಸರು ಬರೋದು ನಿಂತುಹೋಯ್ತು. ದೊಡ್ಡತಾಯಮ್ಮ ಒಬ್ಬಳೇ ನನ್ನ ಹತ್ರ ಬಂದು, ಆಲಮ್ಮಂಗೆ ಮನ್ಸು ಸರಿಯಿಲ್ಲ ಕಣ ಮೇಷ್ಟ್ರೇ, ನೆಲ ಸಾರ್ಸ್ದಂಗೆ ಬಳೀತಾ ಕೂತವ್ಳೆ ಅಂದ್ಲು.

ನಾನು ಅರ್ಥ ಮಾಡ್ಕೊಂಡಿದ್ದೆ. ಅನ್ಕೊಂಡಿದ್ದೆ. ಇಲ್ಲದ ಮನೇನ ಕಿಟಕಿ ಸಮೇತ ಬರೆಯೋಕೆ ನಾಚಿಕೆ ಆಗುತ್ತೆ ಅಂದಿದ್ರಲ್ಲ ನೀವು, ಒಂದು ಸಲ? ಪ್ರದರ್ಶನದ ಸುದ್ದಿ ಹೇಳೋಕೆ ಯಶೋಧರ ಹಾಸನದಲ್ಲಿ ಕರೆದಿದ್ದ ಸಭೇಲಿ ಅದನ್ನೇ ಹೇಳಿದೆ. ಈಕೆ ಯೋಗ ಕಲಿಯೋಕೆ ಅಂತ ಮೈಸೂರಿಗೆ ಬಂದೋರು, ಅಷ್ಟರಲ್ಲಿ ಅಲ್ಲಿ ಯುದ್ಧ ಶುರುವಾಯ್ತು, ತಿರುಗಿ ಹೋಗೋಕೆ ಮನೆ ಉಳೀಲಿಲ್ಲ, ಮೂರು ವರ್ಷ ಮೈಸೂರಲ್ಲೇ ಇದ್ದು ನಮ್ಮಷ್ಟೇ ಚೆನ್ನಾಗಿ ಕನ್ನಡ ಕಲಿತ್ರು, ಅಂತ ಶುರು ಮಾಡಿದೆ. ಆಮೇಲೆ ಆ ಚೌಕದ ವಿಷಯಕ್ಕೆ ಬಂದೆ. ಇದು ಬಾಂಬು ಬಿದ್ದ ಮನೆಯ ಬಾಗಿಲು, ಗೋಡೆಯೆಲ್ಲ ಹೋದರೂ ಬಾಗಿಲು ಮಾತ್ರ ನಿಂತಿದೆ, ಅಮೂರ್ತ ಅಂದ್ರೆ ಇದೇ, ಅಂದೆ. ಚಪ್ಪಾಳೆ ಬಿತ್ತು. ಪೇಪರಲ್ಲೂ ಬಂತು. ಕಲಾವಿದೆಗೆ ಆಸರೆಯಾದ ಉಪನ್ಯಾಸಕ ಅಂತ ನನ್ನ ಫೋಟೋ... ನಾನು ಹಾಕಿಸಿದ್ದಲ್ಲ, ಯಶೋಧರನ ಕೆಲಸ.

ನೀವು ಮಾತ್ರ ಅವತ್ತು ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಲ್ಲಿ ಕೂತು ನನ್ನನ್ನೇ ನೋಡ್ತಿದ್ರಿ. ಈಗ ನೋಡ್ತಿದ್ದೀರಲ್ಲ, ಹೀಗೇ.

ಯಾರದು?

ಒಳಗೆ ಯಾರೋ... ಕೇಳಿಸಲಿಲ್ವಾ ನಿಮಗೆ? ಕೆಮ್ಮು. ನೀವು ಇಲ್ಲಿ ಕೂತಿದ್ದೀರಿ, ಮತ್ತೆ ಒಳಗೆ ಯಾರು... ಅವ್ವ ಹಾಗೇ ಕೆಮ್ಮೋಳು. ಸಣ್ಣಗೆ ಶುರುವಾಗಿ, ಕೊನೆಗೆ ಉಸಿರು ಎಳ್ಕೊಂಡು... ಓ. ದೊಡ್ಡತಾಯಮ್ಮ. ಮಲಗಿದ್ದಾಳಾ? ಎಲ್ಲಿ, ಅವ್ವನ ಕೋಣೇಲಾ?... ಆ ಗೋಡೆ ಪಕ್ಕ ಬೆಚ್ಚಗಿರುತ್ತಂತಾ. ಇರುತ್ತೆ. ಪಡುವಣ ಬಿಸಿಲು ಬೀಳುತ್ತಲ್ಲ ಅದಕ್ಕೆ.

ಹೆದರಲಿಲ್ಲ. ತಲೆ ಕಂಬಕ್ಕೆ ತಾಗಿತು, ಅಷ್ಟೆ.

ಮೇಡಮ್, ಸುಮ್ಮನೆ ಕೇಳ್ತೀನಿ. ಆ ಕೋಣೇಲಿ ಮಲಗಿದಾಗ ನಿಮಗೆ ಏನಾದ್ರೂ... ಏನೂ ಇಲ್ಲ. ಏನೂ ಇರಲ್ಲ, ಏನಿರುತ್ತೆ. ಇಲಿ ಗಿಲಿ ಓಡಾಡುತ್ತಾ ಅಂತ ಕೇಳಿದೆ. ದೊಡ್ಡತಾಯಮ್ಮ ಏನಾದ್ರೂ ಹೇಳಿದ್ಲಾ, ಅವ್ವನ ವಿಷಯ?... ಬರೀ ಒಳ್ಳೇದೇ ಹೇಳಿದ್ಲು. ಸರಿ. ಅವ್ವನಿಗೂ ಅವಳಿಗೂ ಇಡೀ ಆಯುಷ್ಯ ಜಗಳ. ಸತ್ತ ಮೇಲೆ ರಾಜಿ ಆಗಿರಬೇಕು.

ಇನ್ನೊಂದು ಮಾತು ಇತ್ತು. ಇದನ್ನ ಹೇಗೆ ಹೇಳಬೇಕು ಅಂತ ಬಸ್ಸಲ್ಲಿ ಪೂರ್ತಿ ಯೋಚನೆ ಮಾಡ್ಕೊಂಡು ಬಂದೆ. ಬಸ್ ಇಳಿದ ಮೇಲೆ ಮರೆತೆ.

ಮನೆ ಬೇಕಾಗಿತ್ತು ಮೇಡಮ್.

ನಾವು ವಾಪಸ್ ಬರೋಣ ಅಂತ. ಆಶಾರಾಣಿಗೆ ಆ ಬಾಡಿಗೆ ಮನೆ ಸಾಕಾಗಿದೆ, ನೀರು ಸರಿಯಾಗಿ ಬರಲ್ಲ. ಹೆಂಚೂ ಇಳಿಸಿ ಹೊಸದಾಗಿ ಹೊದಿಸಬೇಕು. ಮಗಳು ಪ್ರೇಕ್ಷಾಗೆ ಬೇರೆ ಪರೀಕ್ಷೆ ಹತ್ರ ಬರ್ತಿದೆ, ಇಲ್ಲಾದ್ರೆ ಗಲಾಟೆ ಇಲ್ಲ, ಕೂತು ಓದ್ಕೋತಾಳೆ... ಹಾಂ? ಹೌದು. ಹೆಂಚು ಇಳಿಸಿದ ಮನೇಲಿ ಕೂತು ಓದೋಕಾಗಲ್ಲ. ಒಂದೊಂದೇ ಕಡೆ ಇಳಿಸ್ತಾರೆ ಬಿಡಿ. ನೀವು ಮಾತು ಹಿಡ್ಕೊಳ್ಳೋದರಲ್ಲಿ ಲಾಯರು.

ಯುಗಾದಿ ತನಕ ಇರಿ ಅಂದಿದ್ದೆ. ನಿಜ. ಬಾಡಿಗೆ ಬೇಡ, ಸಂಜೆ ದೀಪ ಹಚ್ಚಿದ್ರೆ ಸಾಕು ಅಂದಿದ್ದೂ ನಾನೇ. ಆದ್ರೆ ನಿಮ್ಮನ್ನ ಬೀದಿಗೆ ಬಿಡಲ್ಲ. ಶ್ರವಣಬೆಳಗೊಳದಲ್ಲಿ ಯಶೋಧರನ ತಾಯಿ ಇದ್ದಾರಲ್ಲ, ಪದ್ಮಾವತಮ್ಮ, ಅವರ ಮನೆ ಮಹಡಿ ಖಾಲಿ ಇದೆಯಂತೆ. ಬೆಳಕು ಚೆನ್ನಾಗಿದೆ. ಈರುಳ್ಳಿ ಬೆಳ್ಳುಳ್ಳಿ ತರಬಾರದು, ಅದೊಂದೇ.

ಮತ್ತೆ ಮೂಟೆ ಕಟ್ಟಿಸ್ತಿದ್ದೀನಿ. ಗೊತ್ತು. ನೀವು ಬೈದುಬಿಟ್ಟಿದ್ರೆ ವಾಸಿ. ಹೀಗೆ ಸರಿ ಸರಿ ಅಂತ ತಲೆ ಆಡಿಸಿದ್ರೆ ನನಗೆ...

ಗೋಡೆನಾ? ಹೇಗೂ ರಿಪೇರಿ ಮಾಡಿಸ್ತೀರಲ್ಲ, ಹಾಗೇ ಅದನ್ನೂ ಒಡೆದು ಕಟ್ಟಿಸಿ ಅಂತೀರಾ? ಇಲ್ಲ ಮೇಡಮ್. ಅಲ್ಲಿ ಮೊದಲು ಬಾಗಿಲಿತ್ತು. ಹಾವು ಬರುತ್ತೆ ಅಂತ ಮುಚ್ಚಿಸಿದ್ವಿ. ಅದನ್ನ ಮತ್ತೆ... ಕಿಟಕಿ ಅಂದಿದ್ನಾ? ಕೋತಿ ಕಾಟ ಅಂತ? ಇರಬಹುದು. ಹಳೇ ಮನೆ, ಒಂದು ಕಾಲಕ್ಕೆ ಬಾಗಿಲು, ಒಂದು ಕಾಲಕ್ಕೆ ಕಿಟಕಿ...

ಹೊಸ್ತಿಲ ಗುರುತಿಲ್ಲ. ದಾರಂದ ಕಿತ್ತ ಗುರುತಿಲ್ಲ. ಅಂಚು ಹಾರೇಲಿ ಒಡೆದ ಹಾಗಿದೆ. ನಿಮ್ಮ ಕಣ್ಣಿಗೆ ಎಲ್ಲ ಬಿದ್ದಿದೆ. ನಿಮ್ಮ ತಮ್ಮ ಕಳಿಸಿದ ಫೋಟೋಗಳಲ್ಲಿ ಅಂಥ ಅಂಚು ಎಷ್ಟೋ ನೋಡಿದ್ದೀರಿ ಅಂತೀರಿ. ಹೂಂ.

ಎಲ್ಲಿ ಹೋಗ್ತಿದ್ದೀರಿ? ಮೇಡಮ್... ಲೈಟ್ ಹಾಕ್ಕೊಳ್ಳಿ.

ಇದು ಯಾವುದು? ಇದನ್ನ ನಾನು ನೋಡೇ ಇಲ್ಲ. ಪೆನ್ಸಿಲಲ್ಲಿ ಬರೆದದ್ದು... ಬಂದ ವಾರದ್ದಾ? ಮಂಚ. ದೀಪದ ಗೂಡು. ಅವ್ವನ ಕೋಣೆ. ನೀವು ಮಲಗಿದ ಕಡೆಯಿಂದ ಕಾಣೋ ಹಾಗೆ. ಮತ್ತೆ ಇದು... ಎಡಗಡೆ...

ಎಲ್ಲದರಲ್ಲೂ ಇರೋದು ಇದೇನಾ?

ಅಂದ್ರೆ ಖಾರ್ಕಿವ್ ಬಾಗಿಲಲ್ಲ. ತುಂಬಿದ ಸಭೇಲಿ ನಾನು... ನೀವು ಅವತ್ತೇ ಎದ್ದು ಹೇಳಬಾರದಿತ್ತಾ, ಮೇಷ್ಟ್ರೇ, ಅದು ನಿಮ್ಮ ಮನೆ ಗೋಡೆ ಅಂತ? ಗಾರೆ ದಿನಾ ಒಂದಿಷ್ಟು ಒಣಗಿ ಬಣ್ಣ ಬದಲಾಗ್ತಿತ್ತು, ಬೆಳಗ್ಗೆ ಕಣ್ಣು ಬಿಟ್ಟರೆ ಅದೇ ಕಾಣ್ತಿತ್ತು ಅಂತೀರಿ. ಸರಿ. ಯಾರೋ ಈ ಗೋಡೆ ಒಳಗಿಂದ ಹೋಗಿದ್ದಾರೆ ಅಂತ ನಿಮಗೆ ಅನ್ನಿಸ್ತು. ಅದಾದ ಮೇಲೆ ನಿಮ್ಮ ಊರ ಮನೆಗೂ ಕಿಟಕಿ ಬರೆಯೋಕೆ ಕೈ ಬರಲಿಲ್ಲ... ಅಂದ್ರೆ ನಾನು ಹೇಳಿದ ಹಾಗೆ ಬರೀ ಯುದ್ಧ ಅಲ್ಲ. ನಿಮ್ಮ ಚಿತ್ರದಿಂದ ಮನೇನ ತೆಗೆದುಹಾಕಿದ್ದು ನಮ್ಮ ಗೋಡೇನೂ.

ಇದನ್ನ ಹಿಡ್ಕೊಳ್ಳಿ. ನನ್ನ ಕೈ ಬೆವರುತ್ತೆ, ಕೊಳೆ ಆಗುತ್ತೆ.

ಹೇಳ್ತೀನಿ. ದೊಡ್ಡ ವಿಷಯ ಏನಲ್ಲ. ನಮ್ಮ ಕಡೆ ಎಲ್ಲರ ಮನೇಲೂ ಇರೋದೇ.

ಅವ್ವ ಹೋಗಿದ್ದು ಆ ಕೋಣೇಲಿ. ವಯಸ್ಸಾಗಿತ್ತು, ನರಳದೆ ಹೋದ್ಲು. ಆದ್ರೆ ಹೋದ ಗಳಿಗೆ ಕೆಟ್ಟದ್ದು ಅಂದ್ರು. ಪಂಚಕ ಅಂತಾರೆ. ಕೆಲವು ನಕ್ಷತ್ರ ಇದ್ದಾಗ ಸತ್ರೆ ಆ ಸಾವು ಒಂದಕ್ಕೇ ನಿಲ್ಲಲ್ಲ, ಅದೇ ಮನೆಯಿಂದ ಇನ್ನೊಂದು ಜೀವ ಕರ್ಕೊಂಡು ಹೋಗುತ್ತೆ ಅಂತ ನಂಬಿಕೆ. ಅಂಥ ಹೆಣಾನ ಮುಂಬಾಗಿಲಲ್ಲಿ ತರಬಾರದು. ತಂದ್ರೆ ತಿರುಗಿ ಬರೋಕೆ ದಾರಿ ತೋರಿಸಿದ ಹಾಗೆ. ಗೋಡೆ ಒಡೆದು ತೆಗೆದು, ಅವತ್ತೇ ಮುಚ್ಚಿಬಿಡಬೇಕು. ಒಲೆ ಆರಿಸಿ, ಬಾಗಿಲಿಗೆ ಮುಳ್ಳು ಕಟ್ಟಿ, ಆರು ತಿಂಗಳು ಮನೆ ಬಿಡಬೇಕು.

ಹಾರೆ ಹಿಡಿದೋನು ನಾನೇ. ಮಗ ಅಲ್ವಾ.

ನಂಬಿ ಮಾಡಿದ್ದಲ್ಲ. ಊರು, ನೆಂಟರು... ಇತಿಹಾಸದ ಮೇಷ್ಟ್ರು ಒಬ್ಬ, ತಾಯಿ ಹೆಣ ಮುಂದಿಟ್ಕೊಂಡು ಎಲ್ಲರ ಜೊತೆ ವಾದ ಮಾಡೋಕಾಗುತ್ತಾ? ಬೀಗ ಹಾಕಿ ಹೊಳೆನರಸೀಪುರಕ್ಕೆ ಹೋದ್ವಿ. ನೋಡಿ, ಒಂಥರಾ ನಿಮ್ಮ ಹಾಗೇ. ನೀವು ಬಾಂಬಿಗೆ ಮನೆ ಬಿಟ್ರಿ, ನಾವು ನಕ್ಷತ್ರಕ್ಕೆ... ಇಲ್ಲ. ಕ್ಷಮಿಸಿ. ಒಂದೇ ಅಲ್ಲ. ನಮಗೆ ತಿರುಗಿ ಬರೋ ದಿನ ಗೊತ್ತಿತ್ತು.

ಹಾಂ, ಅದನ್ನ ಕೇಳೇ ಕೇಳ್ತೀರಿ ಅಂತ ಗೊತ್ತಿತ್ತು. ಆರು ತಿಂಗಳು ಬಿಡಬೇಕಾದ ಮನೇಲಿ ನಿಮ್ಮನ್ನ ಯಾಕೆ ಇರಿಸಿದೆ.

ಖಾಲಿ ಇತ್ತು. ಯಶೋಧರ ಕೇಳಿದ. ಯುದ್ಧದ ಕಡೆಯೋರು, ಒಬ್ಬರೇ ಹೆಂಗಸು, ಮೈಸೂರು ದುಬಾರಿ ಆಗಿದೆ, ಎಲ್ಲಾದ್ರೂ ಹಳ್ಳೀಲಿ ಒಂದು ಮನೆ ನೋಡು ಅಂದ. ಅವನಿಗೂ ಈ ನಕ್ಷತ್ರದ ವಿಷಯ ಹೇಳಿರಲಿಲ್ಲ ನಾನು. ನಿಮಗೆ ಇದೆಲ್ಲ ತಾಗಲ್ಲ ಅನ್ಕೊಂಡೆ. ದೂರದ ದೇಶ, ಬೇರೆ ದೇವರು, ಬೇರೆ ಪಂಚಾಂಗ... ಆಳಿಗೆ ಹೇಳಿ ಮುಳ್ಳು ತೆಗೆಸಿದೆ. ನಿಮಗೆ ಬೀಗದಕೈ ಕೊಟ್ಟಿದ್ದು ಎಲ್ಲಿ, ನೆನಪಿದೆಯಾ? ಬಸ್‌ಸ್ಟ್ಯಾಂಡಲ್ಲಿ. ಮನೆ ತನಕ ಬಂದು ತೋರಿಸೋದು ಬಿಟ್ಟು, ನೇರ ಹೋಗಿ, ಬೇವಿನಮರ ದಾಟಿದ ಮೇಲೆ ಎಡಕ್ಕೆ ಅಂದೆ.

ಏನು? ಪರವಾಗಿಲ್ಲ ಅಂತೀರಾ.

ಎಲ್ಲರೂ ಬಿಟ್ಟುಹೋದ ಮನೆ ನನಗೆ ಹೊಸದಲ್ಲ, ಅಂತ. ಹೀಗೆ ಹೇಳಬೇಡಿ ಮೇಡಮ್... ಅಮ್ಮನಿಗಾ? ನನ್ನ ವಿಷಯ ಅವರಿಗೆ ಯಾಕೆ ಹೇಳೋಕೆ ಹೋದ್ರಿ? ಏನಂತ ಹೇಳಿದ್ರಿ?

ಎಲ್ಲರೂ ಸಮಾಧಾನ ಹೇಳಿದ್ರು. ಆಂದ್ರಿ ಎಷ್ಟು ಹೊತ್ತಿಗೆ ಹೋದ ಅಂತ ಕೇಳಿದೋರು ಒಬ್ಬರೇ. ಆಗ ಕತ್ತಲೆ ಇತ್ತೋ, ಬೆಳಗಾಗಿತ್ತೋ ಅಂತ ತಿಳ್ಕೊಳ್ಳೋಕೆ ಬಯಸಿದ ಒಬ್ಬ ಮನುಷ್ಯ ಇಲ್ಲಿದ್ದಾನೆ... ಹೀಗಂದ್ರಾ? ಅದಕ್ಕೆ ಅವರು?

ಮೋಂಬತ್ತಿ ಹಚ್ಚಿದ್ರಾ. ಚರ್ಚಲ್ಲಿ. ನನ್ನ ಹೆಸರಲ್ಲಿ.

ಅಯ್ಯೋ ಮೇಡಮ್.

ಬೇಡ ಅಂತ ಹೇಳಿ ಅವರಿಗೆ. ಇನ್ನೊಂದು ಸಲ ಹಚ್ಚೋದು ಬೇಡ ಅಂತ ಹೇಳಿ... ವಿನಯ ಅಲ್ಲ. ನೀವು ನನ್ನನ್ನ ಹಾಗೆ ನೋಡಬೇಡಿ ಸ್ವಲ್ಪ. ನಾನು ಹೊತ್ತು ಕೇಳಿದ್ದು ಅದಕ್ಕಲ್ಲ.

ಅವ್ವ ಹೋಗಿ ಸ್ವಲ್ಪ ದಿನಕ್ಕೆ ಪ್ರೇಕ್ಷಾಗೆ ಜ್ವರ ಬಂತು. ಮನೇಲಿ ಚಿಕ್ಕೋಳು ಅವಳೇ. ಹಾಸನದ ಆಸ್ಪತ್ರೇಲಿ ಎಲ್ಲ ಟೆಸ್ಟ್ ಮಾಡಿದ್ರು, ಏನೂ ಸಿಗಲಿಲ್ಲ, ಜ್ವರ ಇಳೀಲಿಲ್ಲ. ಅರಕಲಗೂಡಿಂದ ದ್ಯಾವಯ್ಯ ಮಾವ ನೋಡೋಕೆ ಬಂದ. ಅವ್ವನ ತಮ್ಮ. ಪಂಚಕ ಅಂತ ಹೇಳಿದ್ದೂ ಅವನೇ, ಮನೆ ಬಿಡಿಸಿದ್ದೂ ಅವನೇ. ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಹೇಳಿದ. ಮನೆ ಖಾಲಿ ಬುಟ್ಟಿದ್ದು ತಪ್ಪಾಯ್ತು ಕಣ್ಲಾ ಶಶಿ. ಖಾಲಿ ಮನೆ ಅಸ್ಕಂಡಿರ್ತದೆ. ಬುಟ್ಟೋದೋರ್ನ ಉಡೀಕ್ಕಂಡು ಬತ್ತದೆ. ಯಾರ್ನಾರಾ ಒಳಗಿರ್ಸು, ಅಂದ.

ನಾನು ಹೂಂ ಅನ್ನಲಿಲ್ಲ. ಊಹೂಂ ಅಂತಲೂ ಅನ್ನಲಿಲ್ಲ. ಆ ವಾರದಲ್ಲೇ ಯಶೋಧರ ಫೋನ್ ಮಾಡಿದ್ದು, ನಿಮಗೆ ಮನೆ ಬೇಕು ಅಂತ. ನೀವು ಬಂದಿಳಿದ ಮಾರನೇ ದಿನ ಪ್ರೇಕ್ಷಾಗೆ ಜ್ವರ ಬಿಟ್ಟಿತು.

ಮದ್ದಿಗೆ ಬಿಟ್ಟಿತು. ಡಾಕ್ಟರು ಮದ್ದು ಬದಲಾಯಿಸಿದ್ರು ಅವತ್ತು, ಅದಕ್ಕೆ.

ಆಮೇಲೆ ಆಂದ್ರಿ ಸುದ್ದಿ ಬಂತು. ನೀವು ಈ ಬಾಗಿಲಿಗೆ ಬಂದು ನಿಂತ್ರಿ, ಫೋನು ಇನ್ನೂ ಕೈಯಲ್ಲೇ ಇತ್ತು. ನನ್ನ ಬಾಯಿಂದ ಮೊದಲು ಬಂದ ಮಾತೇ ಅದು, ಯಾವಾಗ, ಎಷ್ಟು ಹೊತ್ತಿಗೆ. ನೀವು ಹೇಳಿದ್ರಿ. ಮಾರನೇ ದಿನ ನಾನು ಅರಕಲಗೂಡಿಗೆ ಹೋದೆ. ನಿಮ್ಮ ದೇಶದ ಗಡಿಯಾರಕ್ಕೂ ನಮ್ಮ ಗಡಿಯಾರಕ್ಕೂ ಎಷ್ಟು ವ್ಯತ್ಯಾಸ ಅಂತ ದ್ಯಾವಯ್ಯ ಮಾವನಿಗೆ ಗೊತ್ತಾಗಲ್ಲ. ಅದನ್ನ ಕೂಡಿಸಿ, ಸರಿಮಾಡಿ, ನಮ್ಮ ಗಂಟೆಗೆ ತಂದು ಕೊಟ್ಟಿದ್ದು ನಾನು. ಪಂಚಾಂಗ ತೆಗೆದು, ಬೆರಳು ಮಡಿಸಿ ಮಡಿಸಿ ನೋಡಿದ. ನೋಡಿ, ಅದೇ ನಕ್ಷತ್ರ ಕಣ್ಲಾ ಅಂದ. ಎಲ್ಲಿ ಸತ್ರೇನು, ನಿನ್ ಮನೇಲಿರೋಳ ಒಡಹುಟ್ಟಿದೋನು. ಮನೆ ತನ್ನದ ಇಸ್ಕಂಡ್ಬುಡ್ತು. ಇನ್ನು ನಿನ್ ಮಗ್ಳಿಗೆ ಭಯ ಇಲ್ಲ, ಒಂದು ಶುಕ್ರವಾರ ಹಸ ನುಗ್ಗಿಸಿ, ಹಾಲುಕ್ಕಿಸಿ, ಎಲ್ಲಾರೂ ವಾಪಸ್ ಬನ್ನಿ, ಅಂದ.

ಹೆಂಚು ಇಳಿಸಬೇಕು ಅಂದಿದ್ದು ಸುಳ್ಳು, ಏನೂ ಸೋರ್ತಿಲ್ಲ.

ಮೇಡಮ್.

ಏನಾದ್ರೂ ಅನ್ನಿ. ದೊಡ್ಡತಾಯಮ್ಮ ಎದ್ದಳಾ? ಅವಳಿಗೆ ಕೇಳಿಸ್ತೇನೋ... ಕೇಳಿಸಲಿ. ನೀವು ಮಾತಾಡಿ. ನಿಮ್ಮ ಭಾಷೇಲೇ ಬೈಯಿರಿ, ನನಗೆ ಅರ್ಥ ಆಗೋದು ಬೇಡ.

ಅವನು ಸತ್ತಿದ್ದು ಯುದ್ಧದಲ್ಲಿ. ಯಾವುದೋ ಹೊಲದಲ್ಲಿ, ಯಾರೋ ಹಾರಿಸಿದ ಗುಂಡಿಗೆ. ಹಳೇಕೋಟೇಲಿರೋ ಒಂದು ಹೆಂಚಿನ ಮನೆಗೂ ಅದಕ್ಕೂ ಏನು ಸಂಬಂಧ? ಇಂಥದ್ದನ್ನ ನಂಬಬೇಡಿ ಅಂತ ದಿನಾ ಹುಡುಗರಿಗೆ ಹೇಳೋನು ನಾನು. ನಾನು ನಂಬಲ್ಲ. ಮನೆಯೋರ ಸಮಾಧಾನಕ್ಕೆ ಕೇಳಿದೆ, ಅಷ್ಟೆ. ಪಂಚಾಂಗ ನೋಡಿಸಿದ್ದು ಆಶಾರಾಣಿ ಸಮಾಧಾನಕ್ಕೆ. ನಾನು ಒಂದು ದಿನವೂ ನಂಬಿಲ್ಲ ಮೇಡಮ್, ದೇವರಾಣೆ...

ಯಾಕೆ ಎದ್ರಿ?

ಹಾಗೆ ಬಾಗಿಲಲ್ಲಿ ನಿಂತ್ಕೋಬೇಡಿ, ದೀಪ ಹಚ್ಚೋ ಹೊತ್ತು. ಒಳಗೆ ಹೋಗಿ, ಇಲ್ಲ ಆಚೆ ಬನ್ನಿ. ಯಾಕೆ ಪಕ್ಕಕ್ಕೆ ಸರಿದ್ರಿ? ಯಾರಿಗೆ ದಾರಿ ಬಿಡ್ತಿದ್ದೀರಿ?

ನನಗಾ?

ಕಾಣ್ತಿದೆ. ಇಲ್ಲಿಂದಲೇ ಕಾಣ್ತಿದೆ, ಚಿತ್ರದ ಒಂದು ಪಕ್ಕ. ಚೆನ್ನಾಗಿದೆ. ಪೂರ್ತಿ ಆಮೇಲೆ ನೋಡ್ತೀನಿ... ಹೌದು, ನಂಬಲ್ಲ ಅಂದೆ. ಈಗ ತಾನೇ ಅಂದೆ. ಎಲ್ಲ ತೀರಿತು ಅಂತ ಮಾವನೂ ಹೇಳಿದ್ದಾನೆ. ಈ ಶುಕ್ರವಾರ ಹಸ ಒಳಗೆ ಹೋಗಲಿ, ಅದರ ಹಿಂದೆ ನಾನು...

ಆ ಬಾಗಿಲು ಹಾಕ್ಕೊಂಡುಬಿಡಿ ಮೇಡಮ್. ಅಥವಾ ಒಂದು ಮಾತಾದ್ರೂ ಆಡಿ. ಹೀಗೆ ಸುಮ್ಮನೆ ಬಾಗಿಲು ಹಿಡ್ಕೊಂಡು ಕಾಯಬೇಡಿ.

ಎದ್ದಿದ್ದೀನಿ. ನೋಡಿ, ಎದ್ದು ನಿಂತಿದ್ದೀನಿ.

ಆಗಲ್ಲ.

ನನಗೆ ಮಗಳಿದ್ದಾಳೆ.